ಹಬ್ಬಕ್ಕೆ ಮುಂಚೆ ಪಶ್ಚಾತ್ತಾಪ ಏಕೆ?

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಕ್ರೈಸ್ತರು. ಡಿಸೆಂಬರ್ ಬಂತೆಂದರೆ ಅವರ ಮನೆಯಲ್ಲಿ ನಕ್ಷತ್ರ ತೂಗುತ್ತದೆ, ಗೋದಲಿ ಕಟ್ಟುವ ಗಡಿಬಿಡಿ ಶುರುವಾಗುತ್ತದೆ. ಅದೇ ದಿನಗಳಲ್ಲಿ ಅವರು ಪಾಪನಿವೇದನೆಗೂ ಹೋಗಿಬರುತ್ತಾರೆ; ಇದು ಮನಸ್ಸು ಸಿದ್ಧಮಾಡಿಕೊಳ್ಳುವ ಕಾಲ, ಪಶ್ಚಾತ್ತಾಪದ ಕಾಲ ಎನ್ನುತ್ತಾರೆ. ಮಗು ಹುಟ್ಟಿದ ಸಂತೋಷದ ಹಬ್ಬಕ್ಕೂ ಪಶ್ಚಾತ್ತಾಪಕ್ಕೂ ಏನು ಸಂಬಂಧ? ಅಲ್ಲದೆ, ಯೇಸು ಬಂದು ಎರಡು ಸಾವಿರ ವರ್ಷವಾಯಿತು. ಬಂದಾಗಿರುವವರಿಗಾಗಿ ಮತ್ತೆ ಕಾಯುವುದು ಎಂದರೇನು? ಅವರನ್ನೇ ಕೇಳಲು ಸಂಕೋಚವಾಯಿತು.

ಉತ್ತರ: ನೀವು ಕೇಳಿದ್ದು ಒಳ್ಳೆಯದೇ ಆಯಿತು. ಸಂಕೋಚಪಡಬೇಕಾದ ಪ್ರಶ್ನೆ ಇದಲ್ಲ. ವರ್ಷವಿಡೀ ಚರ್ಚಿಗೆ ಹೋಗುವವರಲ್ಲೂ ಎಷ್ಟೋ ಮಂದಿ ಇದನ್ನು ಮನಸ್ಸಿನಲ್ಲೇ ಕೇಳಿಕೊಂಡು ಸುಮ್ಮನಾಗಿರುತ್ತಾರೆ. ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ. ಸಂತೋಷದ ಹಬ್ಬಕ್ಕೆ ಮುಂಚೆ ಪಶ್ಚಾತ್ತಾಪ ಏಕೆ ಎನ್ನುವುದು ಒಂದು. ಬಂದಾಗಿರುವವರಿಗೆ ಕಾಯುವುದು ಹೇಗೆ ಎನ್ನುವುದು ಇನ್ನೊಂದು. ಎರಡನೆಯದರ ಉತ್ತರ ಚಿಕ್ಕದು, ಅದನ್ನೇ ಮೊದಲು ನೋಡೋಣ.

ನಿಮ್ಮ ನೆರೆಯವರು ಹೇಳಿದ ಆ ಕಾಲಕ್ಕೆ ಕನ್ನಡ ಚರ್ಚುಗಳಲ್ಲಿ ‘ಆಗಮನ ಕಾಲ’ ಎಂದು ಹೆಸರು. ಕ್ರಿಸ್‌ಮಸ್‌ಗೆ ಹಿಂದಿನ ನಾಲ್ಕು ಭಾನುವಾರಗಳು ಇದರೊಳಗೆ ಬರುತ್ತವೆ. ಮೊದಲನೆಯ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಆ ದಿನ ನೀವು ಕಥೋಲಿಕ ಚರ್ಚೊಂದಕ್ಕೆ ಹೋದರೆ ಆಶ್ಚರ್ಯವಾದೀತು. ಅಂದು ಓದುವ ಸುವಾರ್ತೆಯಲ್ಲಿ ಬೆತ್ಲೆಹೇಮ್ ಇಲ್ಲ, ಮಗು ಇಲ್ಲ, ಕುರುಬರಿಲ್ಲ. ಕಾಲದ ಕೊನೆಯಲ್ಲಿ ಕ್ರಿಸ್ತರು ಮರಳಿ ಬರುವ ಮಾತಿದೆ, ಎಚ್ಚರವಾಗಿರಿ ಎಂಬ ಕರೆಯಿದೆ. ಅಂದರೆ ಆಗಮನ ಒಂದೇ ಅಲ್ಲ. 12ನೇ ಶತಮಾನದಲ್ಲಿ ಫ್ರಾನ್ಸಿನ ಕ್ಲೇರ್ವೋ ಮಠದ ಮುಖ್ಯಸ್ಥರಾಗಿದ್ದ ಸಂತ ಬರ್ನಾರ್ಡರು (1090–1153) ತಮ್ಮ ಪ್ರಸಂಗಗಳಲ್ಲಿ ಇದನ್ನು ಮೂರಾಗಿ ಬಿಡಿಸಿ ಹೇಳಿದರು. ದೇವರು ಮನುಷ್ಯನಾಗಿ ಬಂದದ್ದು ಒಂದು; ಅದು ನಡೆದುಹೋಗಿದೆ. ಕೊನೆಯಲ್ಲಿ ಮಹಿಮೆಯಿಂದ ಬರುವುದು ಒಂದು, ಅದಿನ್ನೂ ಆಗಬೇಕು. ಇವೆರಡರ ನಡುವೆ, ಯಾರ ಕಣ್ಣಿಗೂ ಬೀಳದಂತೆ, ಒಬ್ಬೊಬ್ಬರ ಅಂತರಂಗಕ್ಕೆ ಬರುವುದು ಇನ್ನೊಂದು. ಇದು ಇಂದು, ನಾಳೆ, ಯಾವತ್ತೂ ನಡೆಯುವಂಥದ್ದು. ನಿಮ್ಮ ನೆರೆಯವರು ಮುಗಿದುಹೋದ ಘಟನೆಗೆ ಕಾಯುತ್ತಿಲ್ಲ. ಮುಗಿದದ್ದನ್ನು ನೆನೆಯುತ್ತಾ ಇಂದಿನದಕ್ಕೂ ಕೊನೆಯದಕ್ಕೂ ಅಣಿಯಾಗುತ್ತಿದ್ದಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅಣಿಯಾಗಲು ಪಶ್ಚಾತ್ತಾಪವೇ ಏಕೆ?

ಇಲ್ಲಿ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಪಶ್ಚಾತ್’ ಎಂದರೆ ಆಮೇಲೆ, ‘ತಾಪ’ ಎಂದರೆ ಬೇಗೆ. ಮಾಡಿದ ಮೇಲೆ ಒಳಗೊಳಗೇ ಬೇಯುವುದು ಪಶ್ಚಾತ್ತಾಪ. ಹಾಗಾಗಿ ನಮ್ಮ ಕಿವಿಗೆ ಅದು ಕಣ್ಣೀರಿನ, ಎದೆ ಬಡಿದುಕೊಳ್ಳುವ ಮಾತಾಗಿಯೇ ಕೇಳಿಸುತ್ತದೆ. ಬೈಬಲಿನ ಮೂಲ ಪದಗಳಲ್ಲಿ ಒತ್ತು ಬೇರೆ ಕಡೆಯಿದೆ. ಹೀಬ್ರೂ ಪ್ರವಾದಿಗಳು ಬಳಸುವ ‘ಶೂವ್’ ಎಂಬ ಕ್ರಿಯಾಪದಕ್ಕೆ ತಿರುಗು, ಹಿಂತಿರುಗು ಎಂದೇ ಅರ್ಥ. ದಾರಿ ತಪ್ಪಿದವನು ನಿಂತು, ಮೈ ತಿರುಗಿಸಿ, ಮನೆಯ ಕಡೆ ನಡೆಯುತ್ತಾನಲ್ಲ, ಅದಕ್ಕೆ ಈ ಪದ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಮೆತಾನೋಯಾ’. ಮನಸ್ಸು ಬೇರೆಯಾಗುವುದು, ನೋಡುವ ಬಗೆಯೇ ಬದಲಾಗುವುದು ಎಂದು ಅದರ ಅರ್ಥ. ಬೇಗೆ ಇದ್ದರೂ ಅದು ಆರಂಭ ಮಾತ್ರ.

ಕನ್ನಡ ಬೈಬಲಿನ ಅನುವಾದಕರಿಗೆ ಈ ತೊಡಕು ಚೆನ್ನಾಗಿ ತಿಳಿದಿತ್ತು ಎಂದು ನನಗನ್ನಿಸುತ್ತದೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಹುಕಾಲದಿಂದ ಓದುತ್ತಿರುವ ಅನುವಾದದಲ್ಲಿ ಪಶ್ಚಾತ್ತಾಪದ ಕರೆಗೆ ಅವರು ಆರಿಸಿಕೊಂಡದ್ದು ‘ತಿರುಗಿಕೊಳ್ಳು’ ಎಂಬ ಅಚ್ಚಗನ್ನಡದ ಕ್ರಿಯಾಪದವನ್ನು. ‘ಮಾನಸಾಂತರ’ ಎಂಬ ಮಾತೂ ಕ್ರೈಸ್ತರಲ್ಲಿ ಬಳಕೆಯಲ್ಲಿದೆ. ಎರಡರಲ್ಲಿ ನನಗೆ ಮೊದಲನೆಯದೇ ಇಷ್ಟ. ಓದು ಬರಹ ಬಾರದವರಿಗೂ ಅದು ಕೂಡಲೇ ತಿಳಿಯುತ್ತದೆ. ಮೇಲಾಗಿ ಅದರಲ್ಲಿ ಕಾಲಿಗೂ ಕೆಲಸವಿದೆ.

ಬೇಯುವುದಕ್ಕೂ ತಿರುಗುವುದಕ್ಕೂ ಇರುವ ಅಂತರ ಸುವಾರ್ತೆಗಳಲ್ಲೇ ಕಾಣುತ್ತದೆ. ಯೇಸುವಿನ ಕಡೆಯ ರಾತ್ರಿ ಇಬ್ಬರು ಶಿಷ್ಯರು ತಪ್ಪಿದರು. ಯೂದನು 30 ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ. ಪೇತ್ರನು ಇದ್ದಲಿನ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತಾ, ಆ ಮನುಷ್ಯನ ಗುರುತೇ ನನಗಿಲ್ಲವೆಂದು ಮೂರು ಸಲ ಅಲ್ಲಗಳೆದ. ಬೆಳಗಿನ ಹೊತ್ತಿಗೆ ಇಬ್ಬರೂ ಬೆಂದುಹೋದರು. ಯೂದನ ಸಂಕಟ ಕಡಿಮೆಯದೇನಲ್ಲ. ತಪ್ಪೊಪ್ಪಿಕೊಂಡ, ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿದ ಎಂದು ಮತ್ತಾಯ ಬರೆಯುತ್ತಾನೆ. ಆದರೆ ತಾನು ಮರಳಿ ಹೋಗಬಹುದಾದ ಬಾಗಿಲೊಂದಿದೆ ಎಂಬುದು ಅವನಿಗೆ ತೋಚಲಿಲ್ಲ. ಪೇತ್ರ ಹೊರಗೆ ಹೋಗಿ ಅತ್ತ; ಅತ್ತವನು ಮತ್ತೆ ಗೆಳೆಯರ ನಡುವೆಯೇ ಬಂದು ಕೂತ. ಮುಂದೊಂದು ಮುಂಜಾನೆ ಸರೋವರದ ದಂಡೆಯಲ್ಲಿ, ಮತ್ತೆ ಇದ್ದಲಿನ ಬೆಂಕಿಯ ಪಕ್ಕದಲ್ಲಿ, ನನ್ನ ಮೇಲೆ ಪ್ರೀತಿಯಿದೆಯೇ ಎಂದು ಯೇಸು ಅವನನ್ನು ಮೂರು ಸಲ ಕೇಳಿದರು. ಅಲ್ಲಗಳೆದ ಮೂರು ಮಾತಿಗೆ ಮೂರು ಒಪ್ಪಿಗೆ. ಯೋಹಾನನ ಸುವಾರ್ತೆಯಲ್ಲಿ ಎರಡು ಕಡೆಯೂ ಬೆಂಕಿಗೆ ಒಂದೇ ಗ್ರೀಕ್ ಪದವಿದೆ. ತಾಪ ಇಬ್ಬರಿಗೂ ಇತ್ತು, ತಿರುಗಿದವನು ಒಬ್ಬ.

ಹಾಗಾದರೆ ತಿರುಗುವುದಕ್ಕೂ ದೇವರ ಬರುವಿಕೆಗೂ ಏನು ನಂಟು? ಇದಕ್ಕೆ ಯೆಶಾಯನ ಗ್ರಂಥದ 40ನೇ ಅಧ್ಯಾಯಕ್ಕೆ ಹೋಗಬೇಕು. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿನವರು ಜೆರುಸಲೇಮನ್ನು ಕೆಡವಿ ಜನರನ್ನು ಸೆರೆ ಒಯ್ದಿದ್ದರು. ಬಾಬಿಲೋನಿನಿಂದ ಊರಿಗೆ ನೇರ ದಾರಿಯಿರಲಿಲ್ಲ, ನಡುವೆ ಮರುಭೂಮಿ. ಪ್ರಯಾಣಿಕರು ಯೂಫ್ರೆಟಿಸ್ ನದಿಯ ಗುಂಟ ಉತ್ತರಕ್ಕೆ ಹೋಗಿ ಸುತ್ತುಹಾಕಿ ಇಳಿಯಬೇಕಿತ್ತು. ಪ್ರವಾದಿ ಆ ಸುತ್ತುದಾರಿಯನ್ನು ಬಿಟ್ಟು ಮರುಭೂಮಿಯ ನಟ್ಟನಡುವೆಯೇ ದೇವರಿಗೊಂದು ಹೆದ್ದಾರಿಯ ಮಾತಾಡುತ್ತಾನೆ. ತಗ್ಗು ಮೇಲೇಳಬೇಕು, ದಿಣ್ಣೆ ಇಳಿಯಬೇಕು, ಕೊರಕಲು ಸಮವಾಗಬೇಕು. ಅರಸನ ಮೆರವಣಿಗೆಗೆ ದಾರಿ ಸರಿಮಾಡುವುದು ಆ ಕಾಲದವರು ಕಂಡದ್ದೇ; ದೊಡ್ಡವರು ಬರುವ ಮುನ್ನ ರಸ್ತೆಯ ಗುಂಡಿ ಮುಚ್ಚುವುದನ್ನು ನಾವೂ ಕಂಡಿದ್ದೇವೆ. ಆದರೆ ಯೆಶಾಯನ ದಾರಿ ಬರುವವನೊಬ್ಬನಿಗಾಗಿ ಅಲ್ಲ. ಸೆರೆಯಲ್ಲಿರುವ ಜನ ಮನೆಗೆ ಮರಳಬೇಕಾದದ್ದೂ ಅದರಲ್ಲೇ. ದೇವರು ಬರುವುದೂ ಜನ ತಿರುಗಿಕೊಳ್ಳುವುದೂ ಒಂದೇ ರಸ್ತೆಯಲ್ಲಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಬೇರು ಇಲ್ಲಿದೆ.

ಯೆಶಾಯನ ಈ ಮಾತನ್ನು ಪ್ರಾಣಕ್ಕೆ ಪ್ರಾಣವಾಗಿ ಹಿಡಿದವರು ಹಲವರು. ಮೃತ ಸಮುದ್ರದ ದಡದ ಕುಮ್ರಾನಿನಲ್ಲಿ ಒಂದು ಯೆಹೂದಿ ಪಂಗಡ ನಿಜವಾಗಿಯೇ ಮರುಭೂಮಿಗೆ ಹೋಗಿ ನೆಲೆಸಿತ್ತು. ಧರ್ಮಶಾಸ್ತ್ರದ ಅಧ್ಯಯನವೇ ದಾರಿ ಸಿದ್ಧಮಾಡುವ ಕೆಲಸ ಎಂದು ಅವರ ನಿಯಮಾವಳಿಯಲ್ಲಿದೆ. 1947ರಲ್ಲಿ ಅಲ್ಲಿನ ಗುಹೆಯಲ್ಲಿ ಸಿಕ್ಕ ಯೆಶಾಯನ ಗ್ರಂಥದ ತೊಗಲಿನ ಸುರುಳಿ 7 ಮೀಟರಿಗೂ ಉದ್ದವಿದೆ. ಅದೇ ಸೀಮೆಯಲ್ಲಿ, ಜೋರ್ಡಾನ್ ನದಿಯ ದಡದಲ್ಲಿ, ಒಂಟೆಕೂದಲಿನ ಬಟ್ಟೆಯುಟ್ಟು ಮಿಡತೆ, ಕಾಡುಜೇನು ತಿಂದುಕೊಂಡು ಒಬ್ಬ ಮನುಷ್ಯ ಕಾಣಿಸಿಕೊಂಡ. ಅವನೇ ಸ್ನಾನಿಕ ಯೋಹಾನ. ಕಥೋಲಿಕರ ಬಾಯಲ್ಲಿ ಯೊವಾನ್ನ. ಆಗಮನ ಕಾಲದ ಎರಡನೆಯ ಭಾನುವಾರ ಪ್ರತಿ ವರ್ಷವೂ ಓದುವುದು ಇವನ ಕಥೆಯನ್ನೇ. ಜೆರುಸಲೇಮಿನಿಂದ ಅವನಿದ್ದಲ್ಲಿಗೆ ಬರಬೇಕಾದರೆ ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು. ನದಿಯ ಆ ಭಾಗ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ಆದರೂ ಜನ ಬಂದರು. ಬಂದು ನೀರಿಗಿಳಿದು ಕೇಳಿದ್ದು ಒಂದೇ ಪ್ರಶ್ನೆ: ನಾವೀಗ ಏನು ಮಾಡಬೇಕು?

ಅವನ ಉತ್ತರವನ್ನು ಲೂಕನು ಬರೆದಿಟ್ಟಿದ್ದಾನೆ, ಅದನ್ನು ನೀವು ನಿಧಾನವಾಗಿ ನೋಡಬೇಕು. ಉಪವಾಸ ಮಾಡಿ ಎನ್ನಲಿಲ್ಲ, ನನ್ನಂತೆ ಒಂಟೆಕೂದಲು ಉಟ್ಟುಕೊಳ್ಳಿ ಎನ್ನಲಿಲ್ಲ, ಮರುಭೂಮಿಯಲ್ಲೇ ಇದ್ದುಬಿಡಿ ಎಂದೂ ಅನ್ನಲಿಲ್ಲ. ಎರಡು ಅಂಗಿ ಇರುವವನು ಒಂದನ್ನು ಇಲ್ಲದವನಿಗೆ ಕೊಡಲಿ, ಊಟ ಇರುವವನೂ ಹಾಗೆಯೇ ಮಾಡಲಿ ಎಂದ. ಸುಂಕದವರು ಬಂದರು. ರೋಮಿನ ಆಡಳಿತದಲ್ಲಿ ತೆರಿಗೆ ವಸೂಲಿಯನ್ನು ಗುತ್ತಿಗೆ ಹಿಡಿದವರು ನಿಗದಿಗಿಂತ ಹೆಚ್ಚು ಕಿತ್ತು ಉಳಿದದ್ದನ್ನು ಇಟ್ಟುಕೊಳ್ಳುತ್ತಿದ್ದರು. ಊರೆಲ್ಲ ಶಪಿಸುತ್ತಿದ್ದ ಜನ. ಅವರಿಗೆ ಅವನು ಕೆಲಸ ಬಿಡಿ ಎನ್ನಲಿಲ್ಲ, ನಿಗದಿಗಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳಿಗೆ ಹೇಳಿದ್ದು, ಹೆದರಿಸಿ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದು. ಒಬ್ಬೊಬ್ಬರಿಗೂ ಅವರವರ ಕೈ ದಿನಾ ಎಲ್ಲಿ ಜಾರುತ್ತದೋ ಅಲ್ಲಿಗೇ ಬೊಟ್ಟು ಮಾಡಿ ತೋರಿಸಿದ. ದೇವರ ದಾರಿಯ ಗುಂಡಿ ಇರುವುದು ಸುಂಕದ ಕಟ್ಟೆಯಲ್ಲಿ, ಬಟ್ಟೆಯ ಪೆಟ್ಟಿಗೆಯಲ್ಲಿ.

ಇದನ್ನು ಓದುವಾಗಲೆಲ್ಲ ನನಗೆ ನಮ್ಮೂರಿನ ಟೈಲರ್ ಒಬ್ಬರು ನೆನಪಾಗುತ್ತಾರೆ. ನಾನಾಗ ಆರನೇ ಕ್ಲಾಸು. ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ, ಕ್ರೈಸ್ತರು. ಡಿಸೆಂಬರಿನ ಒಂದು ಸಂಜೆ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅದರಿಂದ ಮಡಿಸಿದ ನೀಲಿ ಬಟ್ಟೆಯೊಂದನ್ನು ತೆಗೆದು ಅಮ್ಮನ ಕೈಗಿತ್ತರು. “ಅಮ್ಮಾ, ಇದು ನಿಮ್ಮದು. ಜೂನ್‌ನಲ್ಲಿ ಹುಡುಗನ ಯೂನಿಫಾರಂ ಹೊಲಿದಾಗ ಉಳಿದದ್ದು. ಅವತ್ತೇ ಕೊಡಬೇಕಿತ್ತು, ಕೊಟ್ಟಿರಲಿಲ್ಲ.” ಅಮ್ಮ, “ಅಯ್ಯೋ, ಇಷ್ಟಕ್ಕೆ ಇಲ್ಲೀತನಕ ಬಂದ್ರಾ?” ಎಂದರು. “ಹಬ್ಬ ಬಂತಲ್ಲಮ್ಮ” ಎಂದಷ್ಟೇ ಹೇಳಿ ಅವರು ಮುಂದಿನ ಮನೆಗೆ ಹೊರಟರು. ಚೀಲದಲ್ಲಿ ಇನ್ನೂ ನಾಲ್ಕೈದು ತುಂಡುಗಳಿದ್ದವು. ಒಂದೊಂದಕ್ಕೂ ಗುಂಡುಪಿನ್ನಿನಲ್ಲಿ ಹೆಸರಿನ ಚೀಟಿ ಚುಚ್ಚಿತ್ತು. ಆ ವಯಸ್ಸಿಗೆ ನನಗೆ ಹಬ್ಬಕ್ಕೂ ಅರ್ಧ ಮೀಟರ್ ಬಟ್ಟೆಗೂ ಸಂಬಂಧ ಹೊಳೆದಿರಲಿಲ್ಲ. ನಿಮ್ಮ ಪ್ರಶ್ನೆಯೂ ಇದೇ ಅಲ್ಲವೇ?

ಇಲ್ಲಿ ಸಾಮಾನ್ಯವಾಗಿ ಹುಟ್ಟುವ ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಬಳಕೆಯಲ್ಲಿ ಪಶ್ಚಾತ್ತಾಪದ ಬೆನ್ನಿಗೇ ‘ಪ್ರಾಯಶ್ಚಿತ್ತ’ ಎಂಬ ಮಾತು ಬರುತ್ತದೆ. ಆದ್ದರಿಂದ, ಇಷ್ಟು ಪಾಪಕ್ಕೆ ಇಷ್ಟು ವ್ರತ, ಅಷ್ಟು ತೀರಿಸಿದರೆ ದೇವರು ಒಲಿದು ಬರುತ್ತಾನೆ, ಪಶ್ಚಾತ್ತಾಪವೆಂದರೆ ದೇವರ ಬರುವಿಕೆಗೆ ನಾವು ಕಟ್ಟುವ ಶುಲ್ಕ ಎಂದು ತಿಳಿಯುವುದು ಸಹಜ. ಕ್ರೈಸ್ತರಲ್ಲೂ ಹೀಗೆ ತಿಳಿದವರು ಉಂಟು. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಬರೆದ 95 ಸೂತ್ರಗಳಲ್ಲಿ ಮೊದಲನೆಯದೇ ಇದರ ಬಗ್ಗೆ. ಯೇಸು ಕೇಳಿದ್ದು ಒಂದು ವಿಧಿಯನ್ನಲ್ಲ, ವಿಶ್ವಾಸಿಯ ಇಡೀ ಬದುಕೇ ತಿರುಗುವಿಕೆಯಾಗಬೇಕು ಎಂಬುದು ಅದರ ಸಾರ. ಇನ್ನೂ ಹಳೆಯ ಸಾಕ್ಷಿಯೂ ಇದೆ. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕ್ರೈಸ್ತನಲ್ಲ. ಅವನೂ ಯೋಹಾನನ ಬಗ್ಗೆ ಬರೆದಿದ್ದಾನೆ. ಪರಸ್ಪರ ನ್ಯಾಯದಿಂದ ನಡೆದು, ದೇವರಲ್ಲಿ ಭಕ್ತಿಯಿಟ್ಟು, ಆಮೇಲೆ ಸ್ನಾನಕ್ಕೆ ಬನ್ನಿ ಎಂದು ಯೋಹಾನ ಹೇಳುತ್ತಿದ್ದನಂತೆ. ಪಾಪ ತೊಳೆಯುವುದು ನೀರಲ್ಲ. ಒಳಗು ಮೊದಲೇ ತಿರುಗಿರಬೇಕು.

ಶುಲ್ಕದ ಲೆಕ್ಕ ಪೂರ್ತಿ ತಲೆಕೆಳಗಾಗುವುದು ಜಕ್ಕಾಯನ ಕಥೆಯಲ್ಲಿ. ಅವನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಹಣವಂತ, ಕುಳ್ಳ. ಜನರ ಗುಂಪಿನಲ್ಲಿ ಯೇಸುವನ್ನು ಕಾಣಲಾರದೆ ಅತ್ತಿಮರ ಹತ್ತಿ ಕೂತಿದ್ದ. ಯೇಸು ಮರದ ಕೆಳಗೆ ನಿಂತು ಅವನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಉಳಿಯುತ್ತೇನೆ ಎಂದರು. ಗಮನಿಸಿ, ಜಕ್ಕಾಯ ಇನ್ನೂ ಬಾಯಿ ತೆರೆದಿಲ್ಲ. ಒಂದು ತಪ್ಪನ್ನೂ ಒಪ್ಪಿಕೊಂಡಿಲ್ಲ. ಇಂಥ ಪಾಪಿಯ ಮನೆಗೆ ಹೋಗುವುದೇ ಎಂದು ಊರವರು ಗೊಣಗಿದರು. ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದದ್ದು ಅತಿಥಿ ಬಂದ ಮೇಲೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ, ತಾನಾಗಿ ಒಪ್ಪಿಕೊಂಡವನು ಅಸಲಿನ ಮೇಲೆ ಐದರಲ್ಲೊಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ಕದ್ದ ಕುರಿಯನ್ನು ಕೊಂದವನಿಗೋ ಮಾರಿದವನಿಗೋ ಇದ್ದ ನಾಲ್ಕುಪಟ್ಟು ದಂಡವನ್ನು ಜಕ್ಕಾಯ ತನಗೆ ತಾನೇ ಹಾಕಿಕೊಂಡ. ಸಂತೋಷ ಬಂದವನ ಕೈ ಹೀಗೆ ತೆರೆದುಕೊಳ್ಳುತ್ತದೆ. ಅದಕ್ಕೇ ನಾನು ಹೇಳುವುದು, ಕ್ರೈಸ್ತರ ನಂಬಿಕೆಯಲ್ಲಿ ದೇವರು ಹೊರಟುಬಿಟ್ಟಿದ್ದಾನೆ, ಆ ಬರುವಿಕೆ ನಮ್ಮ ಯೋಗ್ಯತೆಗೆ ಕಾಯುವುದಿಲ್ಲ. ನಮ್ಮ ಪಾಲಿಗಿರುವುದು ಬಾಗಿಲಿಗೆ ಅಡ್ಡವಿಟ್ಟದ್ದನ್ನು ಸರಿಸುವುದು.

ಇನ್ನು ನಿಮ್ಮ ನೆರೆಯವರು ಮಾಡುವ ಪಾಪನಿವೇದನೆ. ಮಂಗಳೂರು ಕಡೆಯ ಕೊಂಕಣಿಯಲ್ಲಿ ಅದು ‘ಕುಮ್ಸಾರ್’. ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕೆಂದು 1215ರ ಲ್ಯಾಟರನ್ ಮಹಾಸಭೆ ಕಥೋಲಿಕರಿಗೆ ವಿಧಿಸಿತು. ಮೊದಲು ತನ್ನ ಮನಸ್ಸನ್ನು ತಾನೇ ಶೋಧಿಸಿಕೊಳ್ಳುವುದು, ಮರುಗುವುದು, ಇನ್ನು ಮಾಡೆನೆಂದು ನಿಶ್ಚಯಿಸುವುದು, ಗುರುಗಳ ಮುಂದೆ ಹೇಳಿಕೊಂಡು ಕ್ಷಮೆಯ ಮಾತನ್ನು ಕೇಳುವುದು, ಕಡೆಗೆ ಅವರು ಹೇಳಿದ ಪ್ರಾಯಶ್ಚಿತ್ತವನ್ನು ನಡೆಸುವುದು. ಪ್ರಾಯಶ್ಚಿತ್ತ ಇಲ್ಲಿ ಕೊನೆಯಲ್ಲಿ ಬರುತ್ತದೆ ಎಂಬುದನ್ನು ನೋಡಿ. ಅದು ಕ್ಷಮೆಗೆ ತೆತ್ತ ಬೆಲೆಯಲ್ಲ, ಕೆಟ್ಟದ್ದರ ದುರಸ್ತಿ. ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಹೀಗೆ ಒಬ್ಬೊಬ್ಬರೇ ಹೋಗಿ ಹೇಳಿಕೊಳ್ಳುವ ರೂಢಿ ವಿರಳ. ಆರಾಧನೆಯಲ್ಲಿ ಎಲ್ಲರೂ ಸೇರಿ ದೇವರ ಮುಂದೆ ಅರಿಕೆ ಮಾಡಿಕೊಳ್ಳುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹಬ್ಬಕ್ಕೆ ಮುಂಚೆ 40 ದಿನದ ಉಪವಾಸವಿದೆ. ಕೇರಳದ ಸಿರಿಯನ್ ಕ್ರೈಸ್ತರದು ಡಿಸೆಂಬರ್ 1ರಿಂದ 25 ದಿನದ ನೋಂಪಿ. ಅಲ್ಲಿಂದ ಬಂದು ಬೆಳ್ತಂಗಡಿ ಕಡೆ ನೆಲೆಸಿದವರ ಮನೆಗಳಲ್ಲಿ ಆ ದಿನಗಳಲ್ಲಿ ಮಾಂಸದಡುಗೆ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ‘ಸಂತೋಷದ ಹಬ್ಬ’ ಎಂಬ ನಿಮ್ಮ ಮಾತು ಸರಿಯಾಗಿಯೇ ಇದೆ. ಆಗಮನ ಕಾಲದಲ್ಲಿ ಗುರುಗಳು ತೊಡುವ ನೇರಳೆ ಬಣ್ಣದ ಉಡುಪು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ್ದೇ. ಆದರೆ ಮೂರನೆಯ ಭಾನುವಾರ ಹಲವು ಕಡೆ ಅದು ಗುಲಾಬಿಯಾಗುತ್ತದೆ. ಆ ಭಾನುವಾರದ ಲ್ಯಾಟಿನ್ ಹೆಸರಿಗೆ ಅರ್ಥವೇ ‘ಸಂತೋಷಪಡಿ’. ಚರ್ಚುಗಳಲ್ಲಿ ಹಸಿರೆಲೆಯ ವೃತ್ತದಲ್ಲಿ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚುವುದನ್ನು ನೀವು ನೋಡಿರಬಹುದು. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖೆರ್ನ್ ಎಂಬ ಪಾದ್ರಿ ಮಾಡಿದ್ದು ಅದರ ಮೊದಲ ರೂಪ. ಹಬ್ಬ ಯಾವಾಗ, ಹಬ್ಬ ಯಾವಾಗ ಎಂದು ದಿನವೂ ಕೇಳುತ್ತಿದ್ದ ಮಕ್ಕಳಿಗಾಗಿ ಹಳೆಯ ಗಾಡಿಯ ಚಕ್ರದ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಬತ್ತಿ ನಿಲ್ಲಿಸಿದ. ಒಂದೊಂದೇ ಹಚ್ಚುತ್ತಾ ಹೋದರೆ ಹಬ್ಬದ ಹೊತ್ತಿಗೆ ಕೋಣೆ ತುಂಬ ಬೆಳಕು.

ನಿಮ್ಮ ನೆರೆಯವರನ್ನೇ ಕೇಳಲು ಸಂಕೋಚ ಬೇಡ. ಹಬ್ಬದ ತಿಂಡಿಯ ತಟ್ಟೆ ನಿಮ್ಮ ಮನೆಗೆ ಬಂದಾಗ ಕೂರಿಸಿ ಕೇಳಿ. ನನಗಿಂತ ಚೆನ್ನಾಗಿ ಹೇಳಿಯಾರು. ಅವರ ಮನೆಯಲ್ಲಿ ಕನ್ನಡ ಬೈಬಲ್ ಇದ್ದರೆ ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯ ತೆಗೆದು ಹತ್ತರಿಂದ ಹದಿನಾಲ್ಕರವರೆಗೆ ಓದಿ. ಐದೇ ವಚನಗಳು.